ಸಂಪಾಜೆಯಲ್ಲಿ ಕೇಳಿದ ‘ಬಂದೀತು’

ಮಂಗಳೂರಿನಿಂದ ಪುತ್ತೂರು, ಸುಳ್ಯಗಳ ಮಾರ್ಗವಾಗಿ ಮಡಿಕೇರಿಗೆ ತೆರಳುವ ಪ್ರಯಾಣಿಕರಲ್ಲಿ ಹೆಚ್ಚಿನವರು ಸಂಪಾಜೆಯನ್ನು ಒಂದು ಊರೆಂದು ಎಣಿಸುವುದಿಲ್ಲ. ಘಟ್ಟವನ್ನೇರುವ ಮೊದಲು ಚಹಾ ಕುಡಿಯತಕ್ಕ ತಾಣವೆಂದಷ್ಟೇ ತಿಳಿಯುತ್ತಾರೆ. ಇದು ಅನ್ಯಾಯವೇ ಸರಿ. ಒಂದೇ ಹೆಸರನ್ನು ಹೊತ್ತ ಈ ಊರಿನ ಒಂದು ಭಾಗವು ದಕ್ಷಿಣ ಕನ್ನಡದ ಸುಳ್ಯ ತಾಲ್ಲೂಕಿಗೂ ಇನ್ನೊಂದು ಭಾಗವು ಕೊಡಗಿನ ಮಡಿಕೇರಿ ತಾಲ್ಲೂಕಿಗೂ ಸೇರಿದೆ. 1834ರಲ್ಲಿ ಕೊಡಗು ಕಂಪನಿ ಸರಕಾರದ ವಶವಾದ ಬಳಿಕ ಅಮರ ಸುಳ್ಯದ ಸೀಮೆಯನ್ನು ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಕೂಡಿಸಿದರು. ಆ ವಿಭಾಗದ ಗುರುತು ಇಲ್ಲಿ ಇಂದಿಗೂ ಉಳಿದಿದೆ. ಆದರೆ ಪಯಸ್ವಿನಿ ಹೊಳೆಗೆ ಜಿಲ್ಲೆಗಳ ಭೇದ ತಿಳಿಯದು. ಅದು ಅಡಕೆ ತೋಟಗಳನ್ನೂ ರಬ್ಬರು ಮರಗಳನ್ನೂ ಬಳಸಿಕೊಂಡು ಸುಳ್ಯಕ್ಕಿಳಿದು, ಮುಂದೆ ಕಾಸರಗೋಡಿನ ಬಳಿ ಚಂದ್ರಗಿರಿಯೆಂಬ ಹೆಸರಿನಿಂದ ಕಡಲನ್ನು ಸೇರುತ್ತದೆ. ಭಾಷೆಗಳೂ ಹೊಳೆಯ ಹಾಗೆಯೇ. ಅರೆಭಾಷೆ, ತುಳು, ಕನ್ನಡ, ಮಲೆಯಾಳ, ಕೊಡವ ಇವೆಲ್ಲ ಒಂದೇ ಅಂಗಡಿಯ ಜಗಲಿಯಲ್ಲಿ ಕಿವಿಗೆ ಬೀಳುತ್ತವೆ.

ನಾವು ಅಲ್ಲಿಗೆ ಮುಟ್ಟಿದುದು ಆಟಿ ತಿಂಗಳಲ್ಲಿ. ಮಳೆ ಒಂದೇ ಸಮನೆ ಹೊಯ್ಯುತ್ತಿತ್ತು. ಮುಂದಿನ ಘಟ್ಟದ ದಾರಿ ಹೇಗಿದೆಯೆಂದು ಜಗಲಿಯಲ್ಲಿ ವಿಚಾರಿಸಿದೆವು. ನಾಲ್ವರಿಂದ ನಾಲ್ಕು ಬಗೆಯ ಉತ್ತರ ದೊರೆಯಿತು.

ಅಂಗಡಿಯವರು, “ಮೇಲಿನಿಂದ ಬಸ್ಸು ಈಗಷ್ಟೇ ಇಳಿದು ಬಂತು. ದಾರಿ ಸರಿಯಿರಬೇಕು” ಎಂದರು. ಕೈಯಲ್ಲಿ ಮೊಬೈಲು ಹಿಡಿದಿದ್ದ ತರುಣನೊಬ್ಬ, “ಮದೆನಾಡಿನ ಹತ್ತಿರ ಮರ ಬಿದ್ದಿದೆಯಂತೆ” ಎಂದನು. ನಮ್ಮ ಬಾಡಿಗೆ ಕಾರಿನ ಚಾಲಕನು, “ಏನೂ ಆಗುವುದಿಲ್ಲ ಮಾರಾಯ್ರೆ, ಹೋಗುವ” ಎಂದನು. ಮೂಲೆಯಲ್ಲಿ ಕುಳಿತು ಎಲೆಯಡಕೆ ಹಾಕುತ್ತಿದ್ದ ಹಿರಿಯ ಕೃಷಿಕರೊಬ್ಬರು ಮಾತ್ರ ಆಕಾಶವನ್ನು ಒಮ್ಮೆ ನೋಡಿ, “ಈಗ ಹೊರಟರೆ ಹೋದೀರಿ. ಮಧ್ಯಾಹ್ನದ ಮೇಲೆ ಮಳೆ ಜೋರಾದೀತು, ಗುಡ್ಡ ಜರಿದರೂ ಜರಿದೀತು” ಎಂದರು.

ವಾಚಕರು ಈ ನಾಲ್ಕು ಕ್ರಿಯಾಪದಗಳನ್ನು ಕೊಂಚ ತೂಗಿ ನೋಡಬೇಕು. ಅಂಗಡಿಯವರ ‘ಇರಬೇಕು’ ಎಂಬುದು ಕಂಡ ಸಾಕ್ಷಿಯಿಂದ ಹೊರಟ ಅನುಮಾನ: ಬಸ್ಸು ಬಂತು, ಆದುದರಿಂದ ದಾರಿಯಿದೆ. ತರುಣನ ‘ಅಂತೆ’ಯಲ್ಲಿ ಅವನ ಸ್ವಂತದ ಹೊಣೆ ಇಲ್ಲ, ಯಾರೋ ಹೇಳಿದುದನ್ನು ದಾಟಿಸಿದನು ಅಷ್ಟೇ. ಇದೇ ಕೆಲಸಕ್ಕೆ ತುಳುವರು ‘ಬತ್ತೆ’ಗೆ ‘ಗೆ’ ಸೇರಿಸಿ ‘ಬತ್ತೆಗೆ’, ಅಂದರೆ ಬಂದನಂತೆ, ಎನ್ನುತ್ತಾರೆ. ಚಾಲಕನ ಮಾತು ಎಲ್ಲಕ್ಕಿಂತ ಖಚಿತವಾದುದು. ಆಧಾರ ನೋಡಿದರೆ ಎಲ್ಲಕ್ಕಿಂತ ಬಡವಾದುದು. ಹಿರಿಯರ ‘ಜರಿದೀತು’ ಎಂಬುದು ಇನ್ನೂ ಆಗದ ಸಂಗತಿಯನ್ನು ಆಗುವ ಸಂಭವದೊಡನೆ ಮುಂದಿಡುತ್ತದೆ.

ಇದನ್ನೇ ನಮ್ಮ ವೈಯಾಕರಣರು ಸಂಭಾವನಾರ್ಥವೆಂದು ಕರೆದಿರುವರು. (ಸಂಭಾವನೆಯೆಂದೊಡನೆ ದಕ್ಷಿಣೆಯನ್ನು ನೆನೆಯುವವರು ಕ್ಷಮಿಸಬೇಕು.) ಬಂದಾನು, ಬಂದಾಳು, ಬಂದಾರು, ಬಂದೀತು, ಬಂದೀಯೆ, ಬಂದೀರಿ, ಬಂದೇನು, ಬಂದೇವು ಎಂದು ಇದರ ರೂಪಗಳು. ಕಿಟ್ಟೆಲ್ ಪಂಡಿತರು 1903ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ವ್ಯಾಕರಣದಲ್ಲಿ ಇದಕ್ಕೆ ಅನಿಶ್ಚಿತ ಭವಿಷ್ಯತ್ತು ಎಂಬರ್ಥದ ಇಂಗ್ಲಿಷ್ ಹೆಸರನ್ನು ಕೊಟ್ಟರು. ಸೋಜಿಗವೇನೆಂದರೆ, ಮಾತು ಮುಂದಣ ಕಾಲದ್ದು, ಆದರೆ ಪ್ರತ್ಯಯ ಹತ್ತುವುದು ಭೂತಕಾಲದ ಅಂಗಕ್ಕೆ. ‘ಬಂದ’, ‘ಬಿದ್ದ’, ‘ಹೋದ’ ಎಂಬವುಗಳಿಂದಲೇ ಬಂದಾನು, ಬಿದ್ದಾನು, ಹೋದಾನು. ಆಗಿಹೋದಂತೆ ಮನಸ್ಸಿನಲ್ಲಿ ಕಂಡುಕೊಂಡು ಬಳಿಕ ಎಚ್ಚರಿಸಿದ ಹಾಗೆ! ಮಕ್ಕಳನ್ನು ಸಾಕಿದ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. “ಬಿದ್ದೀಯೆ, ಜೋಕೆ!” ಎಂದು ತಾಯಿ ಕೂಗುವಾಗ ಅವಳ ಕಣ್ಣಿಗೆ ಮಗು ಆಗಲೇ ಬಿದ್ದಿರುತ್ತದೆ. ಪಟ್ಟಣದ ಮಾತಿನಲ್ಲಿ ಈ ರೂಪ ಸವೆದು ‘ಬೀಳಬಹುದು’, ‘ಬೀಳ್ತೀಯ’ ಎಂದಾಗಿದೆ. ‘ಬೀಳಬಹುದು’ ಎಂಬುದರಲ್ಲಿ ಅಪ್ಪಣೆಯೂ ಇದೆ, ಊಹೆಯೂ ಇದೆ. ಗೊಂದಲಕ್ಕೆ ಬೇರೆ ಕಾರಣ ಬೇಕೇ?

ಊಹೆಗೆ ಇಷ್ಟು ಉಪಕರಣಗಳೇಕೆಂದು ಯಾರಾದರೂ ಕೇಳಿಯಾರು. ದೂರದ ಕೊರಿಯಾದವರ ನುಡಿಯಲ್ಲಿಯೂ ಇಂತಹವೇ ಇವೆ. ಅವರಲ್ಲಿಯೂ ನಮ್ಮಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬಂದು, ಪ್ರತ್ಯಯಗಳನ್ನು ಒಂದರ ಹಿಂದೊಂದು ಹೊರುತ್ತದೆ. ಮೋಡ ಕವಿದುದನ್ನು ನೋಡಿ ಮಳೆ ಬಂದೀತೆನ್ನಲು ಅವರು ‘ಪಿಗಾ ಒಗೆತ್ತಾ’ ಎನ್ನುವರು. ಒಳಗೆ ಕುಳಿತು, ಹೊರಗಿನಿಂದ ಬಂದವರ ಒದ್ದೆ ಕೊಡೆಯನ್ನು ಕಂಡು ಮಳೆ ಬರುತ್ತಿರಬೇಕೆನ್ನಲು ‘ಪಿಗಾ ಒನಾ ಪೊದಾ’ ಎನ್ನುವರು. ಕೇಳಿದ ಸುದ್ದಿಗೆ ಬೇರೆಯೇ ಪ್ರತ್ಯಯವಿದೆ. ಆದರೆ ಒಂದು ಭೇದವುಂಟು. ಅವರ ‘ಗೆತ್’ ತನ್ನ ವಿಷಯದಲ್ಲಿ ಬಂದಾಗ ಸಾಮಾನ್ಯವಾಗಿ ಸಂಕಲ್ಪವಾಗುತ್ತದೆ, ಮಾಡಿಯೇ ಮಾಡುವೆನೆಂಬ ಅರ್ಥ. ನಮ್ಮ ‘ಬಂದೇನು’ ಸಂಶಯವಾಗಿಯೇ ಉಳಿಯುತ್ತದೆ. ಊಟಕ್ಕೆ “ಬಂದೇನು” ಎಂದ ನೆಂಟರಿಗಾಗಿ ಅಕ್ಕಿ ಹಾಕಬೇಕೋ ಬೇಡವೋ ಎಂದು ತಿಳಿಯದೆ ಕೊಳಗ ಹಿಡಿದು ನಿಂತವರು ನಮ್ಮ ಮನೆಯಲ್ಲೂ ಇದ್ದಾರೆ.

ಸಂಪಾಜೆಯವರಿಗೆ ಇದು ಬರಿಯ ವ್ಯಾಕರಣವಲ್ಲ. 2018ರ ಆಗಸ್ಟ್ ತಿಂಗಳ ನಡುವಿನಲ್ಲಿ ಮೇಲಿನ ಜೋಡುಪಾಲ, ಮೊಣ್ಣಂಗೇರಿ, ಮದೆನಾಡುಗಳಲ್ಲಿ ಗುಡ್ಡಗಳು ಕುಸಿದುವು. ಜೀವಗಳು ಹೋದುವು. ಮನೆಗಳನ್ನು ಬಿಟ್ಟು ಇಳಿದು ಬಂದವರಿಗೆ ಸಂಪಾಜೆ, ಅರಂತೋಡುಗಳಲ್ಲಿ ಆಶ್ರಯ ಕೊಟ್ಟರು. ಮಡಿಕೇರಿಯ ಹೆದ್ದಾರಿ ಹಲವು ವಾರ ಮುಚ್ಚಿತ್ತು. ಅದೇ ವರ್ಷದ ಜುಲೈಯಲ್ಲಿ ಕೊಡಗಿನಲ್ಲಿ ನೆಲ ಸಣ್ಣದಾಗಿ ನಡುಗಿದ್ದುದರಿಂದ, “ಭೂಕಂಪದಿಂದಲೇ ಜರಿದಿರಬೇಕು” ಎಂದು ಅನೇಕರು ಭಾವಿಸಿದರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣದವರು ಸ್ಥಳವನ್ನು ಪರೀಕ್ಷಿಸಿ, ಅತಿವೃಷ್ಟಿಯನ್ನೂ ಮನುಷ್ಯರು ಕಡಿದು ಮಾರ್ಪಡಿಸಿದ ಇಳಿಜಾರುಗಳನ್ನೂ ಕಾರಣವಾಗಿ ತೋರಿಸಿದರು. ‘ಇರಬೇಕು’ ಎಷ್ಟು ಗಟ್ಟಿಯಾಗಿ ಕೇಳಿಸಿದರೂ ಅದೂ ಊಹೆಯೇ ಎಂಬುದಕ್ಕೆ ಇದು ಉದಾಹರಣೆ.

ಮುಂದೆ 2022ರ ಜೂನ್ ಕೊನೆಯಿಂದ ಜುಲೈಯವರೆಗೆ ಚೆಂಬು, ಸಂಪಾಜೆಗಳ ಸುತ್ತ ನೆಲ ಮತ್ತೆ ಮತ್ತೆ ಲಘುವಾಗಿ ಕಂಪಿಸಿತು. ಅವುಗಳಲ್ಲಿ ಒಂದರ ಪ್ರಮಾಣ 3ನ್ನು ಮುಟ್ಟಿತ್ತು. ಇನ್ನೂ ಬಂದೀತೇ ಎಂದು ಜನರು ಕೇಳಿದರೆ, ಯಾವ ದಿನ ಎಲ್ಲಿ ನೆಲ ನಡುಗುವುದೆಂದು ಮುಂಚಿತವಾಗಿ ಹೇಳುವ ವಿದ್ಯೆ ಲೋಕದಲ್ಲಿ ಎಲ್ಲಿಯೂ ಇಲ್ಲ. ಭೂಶಾಸ್ತ್ರಜ್ಞನ ಬಳಿಯೂ ‘ಬಂದೀತು’ ಎಂಬುದಕ್ಕಿಂತ ಬಲವಾದ ಕ್ರಿಯಾಪದವಿಲ್ಲ.

ಹಿರಿಯರ ಮಾತಿಗೆ ಬೆಲೆ ಕೊಟ್ಟು ನಾವು ಆಗಲೇ ಹೊರಟೆವು. ಹೊರಡುವ ಮುನ್ನ, ಮಳೆ ಹೇಗೂ ಇದೆಯಲ್ಲ, ಗುಡ್ಡದ ಸುಳಿವು ನಿಮಗೆ ತಿಳಿಯುವುದೆಂತು ಎಂದು ಅವರನ್ನು ಕೇಳಿದೆವು. ಅವರು ಹೊಳೆಯ ಕಡೆಗೆ ಗಲ್ಲ ತೋರಿಸಿದರು. ನೀರು ಒಮ್ಮೆಗೇ ಕೆಂಪಾದರೆ ಮೇಲೆ ಎಲ್ಲೋ ಜರಿದಿರಬೇಕು. ಮಳೆ ಹೊಯ್ಯುತ್ತಿರುವಾಗಲೇ ಹೊಳೆ ಇಳಿದರೆ ಮಣ್ಣು ಅಡ್ಡ ಬಿದ್ದಿರಬೇಕು, ಕಟ್ಟಿದ ನೀರು ಒಡೆದೀತು. ಆಗ ತಗ್ಗಿನ ಮನೆಯವರು ಮಲಗಬಾರದು. ಹೀಗೆಂದವರು ಎಲೆಗೆ ಸುಣ್ಣ ಹಚ್ಚಿಕೊಂಡರು.