ನಮ್ಮ ಮನೆಯ ಪೇಟಿಯೂ ಸಿನಿಮಾ ಹಾಡೂ

ಸಿನಿಮಾ ಹಾಡನ್ನು ಕುರಿತು ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯುವುದೇ ಎಂದು ಗುರುಗಳು ಹುಬ್ಬೇರಿಸಬಹುದು. ಆದರೆ ಈ ಹಾಡು ನಮ್ಮ ಮನೆಯಲ್ಲಿ ತಂದೆ-ಮಗನ ನಡುವೆ ನಲವತ್ತು ವರ್ಷ ಗೋಡೆಯಾಗಿ ನಿಂತಿತ್ತು. ಆದುದರಿಂದ ನನಗೆ ಇದು ಹಗುರವಾದ ವಿಷಯವಲ್ಲ.

ನಮ್ಮೂರು ಅಥಣಿ ತಾಲೂಕಿನ ತೆಲಸಂಗ. ಅಜ್ಜ ಭಜನಾ ಮೇಳದ ಹಿರಿಯರು. ಪೇಟಿ ಹಿಡಿದು ತತ್ವಪದ ಎತ್ತಿಕೊಂಡರೆಂದರೆ ಓಣಿಯೇ ಕಿವಿಯಾಗುತ್ತಿತ್ತು. ಕಾಕಾನಿಗೆ ಮಾತ್ರ ರೇಡಿಯೋದ ಹುಚ್ಚು. 1984ರ ಸುಮಾರಿಗೆ, ಬುಧವಾರ ರಾತ್ರಿ ಎಂಟಕ್ಕೆ ಸಿಲೋನ್ ಕೇಂದ್ರದಿಂದ ಅಮೀನ್ ಸಯಾನಿಯವರ ‘ಗೀತಮಾಲಾ’ ಆರಂಭವಾಗುವ ಹೊತ್ತಿಗೆ ಕಾಕಾ ತಾಳ ಕೆಳಗಿಟ್ಟು ಭಜನೆಯಿಂದ ಮಾಯ! ಒಂದು ರಾತ್ರಿ ಅವರು ತತ್ವಪದವೊಂದನ್ನು ಸಿನಿಮಾ ಧಾಟಿಗೆ ಕೂಡಿಸಿ ಹಾಡಿದರು. ಅಜ್ಜ ನಡುವೆಯೇ ಪೇಟಿ ಮುಚ್ಚಿ, “ಈ ಧಾಟಿ ಗುಡಿಯಾಗ ಬ್ಯಾಡ” ಎಂದರಂತೆ. ಕಾಕಾ ಮತ್ತೆ ಭಜನೆಗೆ ಕೂಡಲಿಲ್ಲ. ಮುಂದೆ ದುಡಿಯಲು ಇಚಲಕರಂಜಿಗೆ ಹೋದರು.

ಅಜ್ಜನದು ಒಬ್ಬರ ಹಟವಲ್ಲ. 1952ರಲ್ಲಿ ಕೇಂದ್ರ ಮಂತ್ರಿಯಾಗಿದ್ದ ಬಿ. ವಿ. ಕೇಸ್ಕರ್ ಅವರೂ ಆಕಾಶವಾಣಿಯಿಂದ ಸಿನಿಮಾ ಹಾಡನ್ನು ಹೊರಗಟ್ಟಿದವರೇ. ಕೇಳುಗರು ಸುಮ್ಮನೆ ಮುಳ್ಳು ತಿರುಗಿಸಿ ಸಿಲೋನಿಗೆ ಹೋದರು; ‘ಗೀತಮಾಲಾ’ ಹುಟ್ಟಿದ್ದು ಆ ವರ್ಷವೇ. ಕೊನೆಗೆ 1957ರ ಅಕ್ಟೋಬರದಲ್ಲಿ ‘ವಿವಿಧ ಭಾರತಿ’ ತೆರೆಯಬೇಕಾಯಿತು. ಇನ್ನೊಂದು ತಮಾಷೆ: ಅಜ್ಜ ಪ್ರಾಣದಂತೆ ಕಾಪಾಡುವ ಪೇಟಿಯೂ ವಿಲಾಯತಿಯಿಂದ ಬಂದ ಮೂಲದ್ದೇ. 1940ರಿಂದ ಎಷ್ಟೋ ವರ್ಷ ಆಕಾಶವಾಣಿ ಅದನ್ನೂ ಒಳಗೆ ಬಿಟ್ಟಿರಲಿಲ್ಲ. ಈ ಮಾತನ್ನು ಅಜ್ಜನ ಮುಂದೆ ಆಡುವ ಧೈರ್ಯ ನನಗಿನ್ನೂ ಬಂದಿಲ್ಲ.

ಸಿನಿಮಾ ಹಾಡೇನು ಆಕಾಶದಿಂದ ಉದುರಿತೇ? 1931ರ ‘ಆಲಂ ಆರಾ’ದಲ್ಲಿ ಏಳು ಹಾಡುಗಳಿದ್ದವು, ಹಾಡಿಲ್ಲದ ನಾಟಕ ನಮ್ಮ ಜನಕ್ಕೆ ಗೊತ್ತೇ ಇರಲಿಲ್ಲ. ಕನ್ನಡದ ಮೊದಲ ಬೋಲಪಟ ‘ಸತಿ ಸುಲೋಚನ’ (1934) ತಯಾರಾದದ್ದು ನಮ್ಮ ನೆರೆಯ ಕೊಲ್ಹಾಪುರದಲ್ಲಿ, ನಟಿಸಿದವರು ಕಂಪನಿ ನಾಟಕದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು. ಆಗ ನಟರೇ ಕ್ಯಾಮರಾದ ಮುಂದೆ ಹಾಡಬೇಕಿತ್ತು. 1935ರಲ್ಲಿ ಕಲಕತ್ತೆಯ ರಾಯಚಂದ ಬೋರಾಲರು ‘ಧೂಪ್ ಛಾಂವ್’ ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ತಂದ ಮೇಲೆ ಮುಖ ಒಬ್ಬರದು, ಕಂಠ ಇನ್ನೊಬ್ಬರದು ಆಯಿತು. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ನಿಮಿಷದಷ್ಟು. ಅಷ್ಟರಲ್ಲೇ ರಾಗದ ಸುಳಿವು, ಜಾನಪದದ ಲಯ, ಪರದೇಶದ ವಾದ್ಯ ಎಲ್ಲವೂ ಅಡಕವಾಗಬೇಕು. ದನ ಕಾಯುವವನೂ ಗುನುಗುವಂತಾದದ್ದು ಈ ಅಡಕದಿಂದಲೇ ಎಂದು ನನ್ನ ಎಣಿಕೆ.

ಕಳೆದ ದೀಪಾವಳಿಗೆ ಕಾಕಾ ಊರಿಗೆ ಬಂದಿದ್ದರು. ನಾನು ಮೊಬೈಲಿನಲ್ಲಿ 1940ರ ‘ನರಸಿ ಭಗತ್’ ಚಿತ್ರದ, ಗಾಂಧೀಜಿಗೆ ಪ್ರಿಯವಾದ ಭಜನೆಯನ್ನು ಹಚ್ಚಿದೆ. ಅಜ್ಜ ಕಣ್ಣು ಮುಚ್ಚಿ ಕೇಳಿದರು.

“ಯಾರೋ ಈ ತಾಯಿ?”

“ಅಮೀರಬಾಯಿ ಕರ್ನಾಟಕಿ, ಅಜ್ಜಾ. ನಮ್ಮ ಬೀಳಗಿಯವರು. ‘ಕಿಸ್ಮತ್’ನಲ್ಲಿ ಹಾಡಿದವರು. ಇದೂ ಸಿನಿಮಾ ಹಾಡೇ.”

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಾಕಾನ ಕಡೆ ನೋಡದೆಯೇ, “ಆ ಪೇಟಿ ಕೆಳಗ ಇಳಸು” ಎಂದರು.

ಕಾಕಾ ಇಳಿಸಿ, ಧೂಳು ಒರೆಸಿ ಮುಂದಿಟ್ಟರು. ಅಂದು ಅವರು ಹಾಡಲಿಲ್ಲ. ಗೂಟಕ್ಕೆ ತೂಗಿದ್ದ ತಾಳಗಳನ್ನು ಮಾತ್ರ ತೆಗೆದುಕೊಂಡು ಅಜ್ಜನ ಬಲಕ್ಕೆ ಕುಳಿತರು.