ಓಡೈಪಟ್ಟಿಯ ದ್ರಾಕ್ಷಿ, ಧ್ರುವದ ಮಳೆ

ತೇನಿಯಿಂದ ಕಂಬಂ ಕಡೆಗೆ ಸಾಗುವ ದಾರಿಯಲ್ಲಿ ಚಿನ್ನಮನೂರಿಗೆ ಬಂದು ಪೂರ್ವಕ್ಕೆ ತಿರುಗಿದರೆ ಓಡೈಪಟ್ಟಿ. ತಮಿಳಿನ ‘ಓಡೈ’ ಎಂದರೆ ತೊರೆ. ‘ಪಟ್ಟಿ’ ನಮ್ಮ ‘ಹಟ್ಟಿ’ಯ ನಂಟಿನ ಪದ. ಒಂದು ಕಡೆ ಮೇಘಮಲೆಯ ಸಾಲು. ಅದರ ತಪ್ಪಲಿನಲ್ಲಿ ಕಂಬ ನೆಟ್ಟು ತಂತಿ ಬಿಗಿದ ದ್ರಾಕ್ಷಿಯ ಚಪ್ಪರಗಳು. ಕನ್ನಡವನ್ನು ತಲೆಮಾರುಗಳಿಂದ ಮನೆಮಾತಾಗಿ ಉಳಿಸಿಕೊಂಡು ಬಂದ ಕಪ್ಪಿಲಿಯ ಸಮುದಾಯದ ಕುಟುಂಬಗಳು ಈ ಕಂಬಂ ಕಣಿವೆಯಲ್ಲಿವೆ. ಆದುದರಿಂದ ಈ ನೆಲ ನಮಗೆ ಪರಕೀಯವಲ್ಲ.

ಕಣಿವೆಯ ಪನ್ನೀರ್ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಓಡೈಪಟ್ಟಿ ಬೀಜವಿಲ್ಲದ ದ್ರಾಕ್ಷಿಗೆ ಹೆಸರಾದ ಊರು. ಪಶ್ಚಿಮ ಘಟ್ಟದ ಮಳೆನೆರಳು ಬಳ್ಳಿಗೆ ಹಿತಕರ. ಆದರೆ ಹಣ್ಣು ಮಾಗುವ ಹೊತ್ತಿಗೆ ಸುರಿಯುವ ಮಳೆ ಬೆಳೆಗಾರನ ಶತ್ರು. ಹಠಾತ್ತನೆ ನೀರು ಹೀರಿದ ಹಣ್ಣು ಉಬ್ಬಿ ಸಿಪ್ಪೆ ಬಿರಿಯುತ್ತದೆ. ತೇವ ನಿಂತಲ್ಲಿ ಬೂಷ್ಟು ಹಿಡಿಯುತ್ತದೆ. ತಿಂಗಳುಗಳ ದುಡಿಮೆ ಎರಡೇ ದಿನಗಳಲ್ಲಿ ಕೈತಪ್ಪಿಹೋಗುತ್ತದೆ.

ಇಂಥದೇ ಅಕಾಲ ಮಳೆಯ ಕಥೆ ಉತ್ತರ ಧ್ರುವದ ಅಂಚಿನಲ್ಲಿಯೂ ಇದೆ. ರಷ್ಯದ ಯಮಾಲ್ ಪ್ರದೇಶದಲ್ಲಿ 2013ರ ನವೆಂಬರಿನಲ್ಲಿ ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿತು. ಗಟ್ಟಿ ಮಂಜುಗಡ್ಡೆಯ ಅಡಿಯ ಮೇವು ಸಿಗದೆ ಸುಮಾರು 61,000 ಹಿಮಸಾರಂಗಗಳು ಸತ್ತವು. ಅವನ್ನೇ ನಂಬಿದ್ದ ನೆನೆತ್ಸ್ ಪಶುಪಾಲಕರ ಬದುಕು ಬರಿದಾಯಿತು. 2021ರ ಆಗಸ್ಟ್ 14ರಂದು ಗ್ರೀನ್‌ಲ್ಯಾಂಡಿನ ಹಿಮದ ನೆತ್ತಿಯ ಮೇಲೆ, ದಾಖಲೆಗಳಲ್ಲಿ ಮೊದಲ ಬಾರಿಗೆ, ಮಳೆ ಸುರಿಯಿತು. 2022ರ ಮಾರ್ಚ್ 18ರಂದು ಅಂಟಾರ್ಕ್ಟಿಕದ ಕಾಂಕಾರ್ಡಿಯ ಕೇಂದ್ರದಲ್ಲಿ ಉಷ್ಣತೆ ಮೈನಸ್ 11.5 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಅದು ಆ ಕಾಲದ ಸರಾಸರಿಗಿಂತ ಸುಮಾರು 38 ಡಿಗ್ರಿ ಹೆಚ್ಚು. ಸಾಗರದಿಂದ ಹರಿದು ಬಂದ ತೇವಭರಿತ ಗಾಳಿಯೇ ಅದಕ್ಕೆ ಕಾರಣ.

ಇದರ ಹಿಂದಿನ ನಿಯಮ ಸರಳ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಬೆಳ್ಳನೆಯ ಮಂಜು ಕರಗಿದಾಗ ಕಪ್ಪು ಕಡಲು ಬಿಸಿಲನ್ನು ಹೀರುತ್ತದೆ. ಆದುದರಿಂದ 1979ರಿಂದೀಚೆಗೆ ಉತ್ತರ ಧ್ರುವ ಪ್ರದೇಶ ಲೋಕದ ಸರಾಸರಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಮುಂದೆ ಅಲ್ಲಿ ಕಡುಚಳಿಯ ದಿನಗಳು ಕಡಿಮೆಯಾಗಿ, ಹಿಮ ಬೀಳಬೇಕಾದಲ್ಲಿ ಮಳೆ ಬೀಳುವುದು ಹೆಚ್ಚುತ್ತದೆಂಬುದು ವಿಜ್ಞಾನಿಗಳ ನಿರೀಕ್ಷೆ.

ಓಡೈಪಟ್ಟಿಯ ಪ್ರತಿಯೊಂದು ಮಳೆಗೂ ಧ್ರುವವನ್ನು ಹೊಣೆಯಾಗಿಸುವುದು ಸಲ್ಲದು. ಆದರೆ ನೀರಾವಿಯ ನಿಯಮ ಎರಡೂ ಕಡೆ ಒಂದೇ. ಬೆಳೆಗಾರನಿಗಾಗಲಿ ಪಶುಪಾಲಕನಿಗಾಗಲಿ ವರ್ಷದ ಒಟ್ಟು ಮಳೆಯ ಲೆಕ್ಕವೊಂದೇ ಸಾಲದು. ಅದು ಯಾವ ದಿನ ಬಿತ್ತೆಂಬುದೇ ಬದುಕನ್ನು ನಿರ್ಧರಿಸುತ್ತದೆ. ನಮ್ಮ ಮಕ್ಕಳು ಶಾಲೆಯ ಅಂಗಳದಲ್ಲಿ ಮಳೆಮಾಪಕವನ್ನಿಟ್ಟು ಅಳತೆಯೊಡನೆ ದಿನಾಂಕವನ್ನೂ ಬರೆದಿಡಲಿ.