ನೈಸರ್ಗಿಕವಂತೆ, ಆಗಲಿ ಬಿಡಿ

ಶುಚಿಗೋ ಅಂದಕ್ಕೋ ಮೈಗೆ ಉಜ್ಜುವುದು, ಸುರಿಯುವುದು, ಚಿಮುಕಿಸುವುದು, ಹಚ್ಚುವುದೆಲ್ಲ ಕಾಸ್ಮೆಟಿಕ್ಕೇ ಎನ್ನುತ್ತದೆ ನಮ್ಮ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ. ನರಕ ಚತುರ್ದಶಿಯ ಎಣ್ಣೆಸ್ನಾನದ ವರ್ಣನೆಯಂತೆಯೇ ಇದೆಯಲ್ಲವೆ? ಆದರೆ ನಮ್ಮಜ್ಜಿಯ ಸೀಗೆಪುಡಿ ಡಬ್ಬಕ್ಕೆ ಲೇಬಲ್ಲೇ ಇರಲಿಲ್ಲ. ಇದ್ದ ಎಚ್ಚರಿಕೆ ಒಂದೇ, ಅದೂ ಬಾಯಿಮಾತಿನದು: 'ಕಣ್ಣು ಮುಚ್ಕೊಳ್ಳೋ ಮುಂಡೇದೇ!' ಆ ಮಾತು ಹೊರಡುವಷ್ಟರಲ್ಲಿ ಕಣ್ಣು ಉರಿಯಲು ಶುರುವಾಗಿರುತ್ತಿತ್ತು.

ಸೀಗೆಕಾಯಿ ಅಂದಕೂಡಲೇ ಕೇರುಬೀಜ ನೆನಪಾಯಿತು. ಎಲ್ಲಿಂದೆಲ್ಲಿಗೆ ಎಂದು ಕೇಳಬೇಡಿ, ಜಗಲಿಯ ಮೇಲೆ ಕೂತಾಗ ಹಾಗೆಲ್ಲ ಕೇಳಬಾರದು. ಅಗಸರು ಬಟ್ಟೆಗೆ ಅಳಿಸದ ಗುರುತು ಹಾಕುತ್ತಿದ್ದುದು ಅದರ ರಸದಿಂದಲೇ. ಮರದಲ್ಲಿ ಬಿಟ್ಟದ್ದು, ಕಾರ್ಖಾನೆಯ ಗಾಳಿಯೂ ಸೋಕದ್ದು, ನೂರಕ್ಕೆ ನೂರು ನೈಸರ್ಗಿಕ. ಮೈಗೆ ತಾಗಿದರೆ ಮಾತ್ರ ಬೊಬ್ಬೆ ಏಳುತ್ತದೆ. ಅಂದಮೇಲೆ ಶಾಂಪೂ ಬಾಟಲಿಯ ಮೇಲೆ 'ನ್ಯಾಚುರಲ್' ಎಂದು ಕಂಡ ತಕ್ಷಣ ನಾವು ನಿಶ್ಚಿಂತರಾಗುವುದು ಯಾವ ಧೈರ್ಯದ ಮೇಲೆ?

ಬಾಟಲಿಯನ್ನು ಒಮ್ಮೆ ತಿರುಗಿಸಿ. ಕನ್ನಡಕ ಹಾಕಿಕೊಳ್ಳಿ, ಅಕ್ಷರ ಸಣ್ಣದು. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಹೆಚ್ಚು ಇರುವ ಪದಾರ್ಥದ ಹೆಸರು ಮೊದಲು ಬರಬೇಕು, ಕಡಿಮೆ ಇರುವುದು ಆಮೇಲೆ. ಶೇ. 1 ಅಥವಾ ಅದಕ್ಕಿಂತ ಕಡಿಮೆ ಇರುವವು ಕೊನೆಯಲ್ಲಿ, ಯಾವ ಕ್ರಮದಲ್ಲಾದರೂ ಇರಬಹುದು. ಹಾಗಾಗಿ ಮುಂದಿನ ಚಿತ್ರದಲ್ಲಿ ಮದುಮಗನಂತೆ ಮೆರೆಯುವ ಲೋಳೆಸರ ಎಷ್ಟೋ ಸಲ ಹಿಂದಿನ ಪಂಕ್ತಿಯಲ್ಲಿ ಕಟ್ಟಕಡೆಯ ಎಲೆಗೆ ಕೂತಿರುತ್ತದೆ. ಮೊದಲ ಎಲೆ ಯಾರದು? ನೀರಿನದು. ನೀರೂ ನೈಸರ್ಗಿಕವೇ ತಾನೆ, ತಕರಾರು ತೆಗೆಯುವುದು ಹೇಗೆ?

ಇನ್ನು ಕೆಲವರಿಗೆ ಕಾಸ್ಮೆಟಿಕ್ ಅನ್ನಿಸಿಕೊಳ್ಳುವುದೇ ಬೇಡ. ವಿಕೋ ಟರ್ಮರಿಕ್ ಕ್ರೀಮ್ ಗೊತ್ತಲ್ಲ? ಅದು ಔಷಧವೋ ಅಲಂಕಾರವೋ ಎಂಬ ಸುಂಕದ ವ್ಯಾಜ್ಯ ವರ್ಷಗಟ್ಟಲೆ ನಡೆದು, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಆಯುರ್ವೇದ ಔಷಧವೆಂದೇ ತೀರ್ಮಾನವಾಯಿತು. ನಮ್ಮತ್ತೆ ಯಾರದಾದರೂ ಮದುವೆಗೆ ಹೊರಡುವ ಮುಂಚೆ ಅದನ್ನು ತಪ್ಪದೆ ಹಚ್ಚುತ್ತಿದ್ದರು. ಮದುವೆಗೆ ಮದ್ದು ಹಚ್ಚಿಕೊಂಡು ಹೋಗುತ್ತಿದ್ದೀರೆಂದು ಪಾಪ, ಅವರಿಗೆ ಯಾರೂ ಹೇಳಲೇ ಇಲ್ಲ.

ಹಾಗೆಂದು ಸರ್ಕಾರ ಕಣ್ಣು ಮುಚ್ಚಿ ಕೂತಿಲ್ಲ. ಹಸಿರು ಬಣ್ಣ ಬಳಿದುಕೊಂಡು ಬೀಗುವ ಜಾಹೀರಾತುಗಳಿಗೆಂದೇ 2024ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. 'ನ್ಯಾಚುರಲ್', 'ಆರ್ಗ್ಯಾನಿಕ್' ಎಂದು ಸುಮ್ಮನೆ ಹೇಳುವಂತಿಲ್ಲ, ಆಧಾರ ಕೊಡಬೇಕು, ಕ್ಯೂಆರ್ ಕೋಡ್ ಮೂಲಕ ಕೊಟ್ಟರೂ ನಡೆಯುತ್ತದೆ. ಒಳ್ಳೆಯದೇ. ಆದರೆ ಬಚ್ಚಲಲ್ಲಿ ನೊರೆಗೈಯಲ್ಲಿ ಮೊಬೈಲು ಹಿಡಿಯುವವರು ಯಾರು ಹೇಳಿ? ಅಂಗಡಿಯಲ್ಲೇ ನೋಡೋಣವೆಂದರೆ ಬಿಲ್ಲಿಗೆ ನಿಂತ ಹಿಂದಿನವರು ಬಿಡಬೇಕಲ್ಲ!

ನಾನಂತೂ ಮೊದಲ ನಾಲ್ಕೈದು ಹೆಸರು ಓದುತ್ತೇನೆ. ಅರ್ಥವಾಗುವುದು ನೀರೊಂದೇ. ಆಮೇಲೆ ಮುಚ್ಚಳ ತೆಗೆದು ಮೂಸಿ, ವಾಸನೆ ಹಿಡಿಸಿದರೆ ಕೊಂಡುಬಿಡುತ್ತೇನೆ. ನೀವು?